ವಿಂಡ್ಸರ್ ಕೋಟೆಯ ಹುಲಿಯ ಮುಂದೆ ನಮ್ಮವರು ಯಾಕೆ ನಿಲ್ಲುವುದಿಲ್ಲ?

ಬೇಸಿಗೆ ಹತ್ತಿರ ಬಂದರೆ ಸಾಕು, ಜಿಲ್ಲಾ ಕೇಂದ್ರದ ಪತ್ರಿಕಾ ಕಚೇರಿಗಳಿಗೆ ಒಂದು ಬಗೆಯ ಪ್ರೆಸ್ ನೋಟ್ ಬರತೊಡಗುತ್ತದೆ. ‘ಇಂಗ್ಲೆಂಡಿನ ಐತಿಹಾಸಿಕ ಕೋಟೆ, ಚರ್ಚುಗಳ ದರ್ಶನ’. ಹತ್ತು ದಿನ, ಮೂರು ಹೊತ್ತು ಸಸ್ಯಾಹಾರಿ ಊಟ, ಕನ್ನಡ ಮಾತಾಡುವ ಟೂರ್ ಮ್ಯಾನೇಜರ್, ವೀಸಾ ಜವಾಬ್ದಾರಿ ಅವರದೇ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಅಡಿಕೆ ರೇಟು ಕೈಹಿಡಿದ ವರ್ಷ ತೋಟದವರು ಗಂಡ ಹೆಂಡತಿ ಸಮೇತ ಹೊರಡುತ್ತಾರೆ. ಹೋಗಿ ಬರಲಿ, ಸಂತೋಷ. ‘ಹಂಪಿಯನ್ನೇ ನೋಡದವರಿಗೆ ಲಂಡನ್ ಯಾಕೆ’ ಎಂದು ಮೂಗು ಮುರಿಯುವ ಜಾತಿ ನಾವಲ್ಲ. ದುಡ್ಡು ಅವರದು, ಕಾಲೂ ಅವರದು.

ನಮ್ಮ ತಕರಾರು ಬೇರೆ. ಲಕ್ಷಗಟ್ಟಲೆ ಸುರಿದು ಅಷ್ಟು ದೂರ ಹೋದವರನ್ನು ಅವರದೇ ನೆಲದ ಕಥೆಯ ಮುಂದಿನಿಂದ ಕುರಿಮಂದೆಯಂತೆ ದಾಟಿಸಿಕೊಂಡು ಬರಲಾಗುತ್ತಿದೆ. ಇದಕ್ಕೆ ಪ್ರವಾಸ ಎಂದು ಹೆಸರು.

ವಿಂಡ್ಸರ್ ಕೋಟೆಯನ್ನೇ ತಗೊಳ್ಳಿ. ಎಲ್ಲ ಪ್ಯಾಕೇಜಿನಲ್ಲೂ ಅದು ಇದ್ದೇ ಇರುತ್ತದೆ. ಹೋಗಿ ಬಂದ ಕೆಲವರನ್ನು ನಾವು ಕೂರಿಸಿಕೊಂಡು ಕೇಳಿದೆವು, ಏನೇನು ನೋಡಿದಿರಿ ಅಂತ. ಎಂಟನೇ ಹೆನ್ರಿಯ ಆರು ಹೆಂಡಿರ ಕಥೆ ಎಲ್ಲರಿಗೂ ಬಾಯಿಪಾಠ. ಅವನ ಗೋರಿ ಅಲ್ಲಿನ ಸೇಂಟ್ ಜಾರ್ಜ್ ಚಾಪೆಲ್ಲಿನಲ್ಲಿದೆ, ಎರಡನೇ ಎಲಿಜಬೆತ್ ರಾಣಿಯ ಗೋರಿಯೂ ಅಲ್ಲೇ. ಕಾವಲುಗಾರರ ಟೋಪಿ ಎಲ್ಲರ ಮೊಬೈಲಿನಲ್ಲೂ ಇದೆ. ಒಬ್ಬರು, ನೌಕಾಪಡೆಯ ನೆಲ್ಸನ್‌ನನ್ನು ಕೊಂದ ಗುಂಡನ್ನು ನೋಡಿದೆ ಎಂದರು. ಅದು ಇರುವುದು ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಒಂದು ಹುಲಿಯ ತಲೆಯೂ ಇದೆ: ಮರದ ಮೇಲೆ ಚಿನ್ನದ ತಗಡು, ಸ್ಫಟಿಕದ ಹಲ್ಲು. ಅದು ಶ್ರೀರಂಗಪಟ್ಟಣದ್ದು. ಟಿಪ್ಪುವಿನ ಸಿಂಹಾಸನದ ಬುಡದಲ್ಲಿದ್ದ ಹುಲಿ.

‘ಹೌದೇ? ನಮಗೆ ಯಾರೂ ಹೇಳಲಿಲ್ಲವಲ್ಲ’ ಎಂದರು ಆ ಹಿರಿಯರು. ಅವರು ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಲೆಕ್ಕವಿಲ್ಲದಷ್ಟು ಸಲ ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋದವರು.

1799ರ ಮೇ 4ರಂದು ಕೋಟೆ ಬಿತ್ತು. ಆಮೇಲೆ ನಡೆದದ್ದು ಲೂಟಿ, ಅದರ ನಂತರ ಲೂಟಿಯ ಲೆಕ್ಕಾಚಾರ. ಗೆದ್ದ ಸೈನ್ಯದ ಪಾಲು ಹಂಚಲು ನೇಮಕವಾದ ಅಧಿಕಾರಿಗಳು ಸಿಂಹಾಸನವನ್ನು ಒಡೆದು ಚೂರು ಮಾಡಿಸಿದರು. ಇಡಿಯಾಗಿ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೂ ಅದು ಉಳಿಯಲಿಲ್ಲ. ಮೇಲ್ಗಡೆಯಿದ್ದ ಹುಮಾ ಪಕ್ಷಿ ಮೂರನೇ ಜಾರ್ಜ್ ದೊರೆಗೆ ಹೋಯಿತು. ಹುಲಿಯ ತಲೆಯನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೇ ವಿಲಿಯಂಗೆ ಕಾಣಿಕೆ ಕೊಟ್ಟಿತು. ಸೇನಾಪತಿ ಹ್ಯಾರಿಸ್‌ಗೆ ಕೊನೆಗೆ ಸಿಕ್ಕ ಬಿರುದೇ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್. ನಮ್ಮ ಊರಿನ ಹೆಸರು ಅವರ ಮನೆತನದ ಹೆಸರಾಯಿತು.

ಇದನ್ನು ಹೇಳಲು ಐದು ನಿಮಿಷ ಸಾಕು. ಆರು ಹೆಂಡಿರ ಕಥೆಗೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇದೇ ಹಾಡು. ಕೆಳಗಿನ ನೆಲಮಾಳಿಗೆಯಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ನನ ದೊಡ್ಡ ಗೋರಿ. ಗೈಡ್ ‘ವಾಟರ್‌ಲೂ, 1815, ನೆಪೋಲಿಯನ್’ ಎಂದು ಹೇಳಿ ಮುಂದಕ್ಕೆ ನಡೆಯುತ್ತಾನೆ. ಈತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ ಶ್ರೀರಂಗಪಟ್ಟಣದ ಆಡಳಿತ ನಡೆಸಿದವನು, ಗವರ್ನರ್ ಜನರಲ್ಲನ ತಮ್ಮ. 1800ರಲ್ಲಿ ಚನ್ನಗಿರಿಯ ಧೋಂಡಿಯಾ ವಾಘ್‌ನನ್ನು ಅಟ್ಟಿಸಿಕೊಂಡು ಹರಿಹರದ ಹತ್ತಿರ ಹೊಳೆ ದಾಟಿ, ರಾಣೆಬೆನ್ನೂರು, ಡಂಬಳದ ಕೋಟೆಗಳನ್ನು ಹಿಡಿದು, ಸೆಪ್ಟೆಂಬರ್ 10ರಂದು ಆತನನ್ನು ಮುಗಿಸಿದವನು. ರಾಣೆಬೆನ್ನೂರಿನಿಂದ ಹೋದ ಪ್ರವಾಸಿ ಆ ಗೋರಿಯ ಮುಂದೆ ನಿಂತಾಗ ತಿಳಿಯಬೇಕಾದದ್ದು ಯಾವುದು? ಬೆಲ್ಜಿಯಂನ ಬಯಲಿನ ಕಥೆಯೋ, ತನ್ನ ಊರ ಕೋಟೆಯ ಕಥೆಯೋ? ಎರಡೂ ತಿಳಿಯಲಿ, ಬೇಡ ಅಂದವರು ಯಾರು. ಈಗ ಒಂದು ಮಾತ್ರ ಸಿಗುತ್ತಿದೆ.

ಅದೇ ಚರ್ಚಿನಲ್ಲಿ ಕಾರ್ನ್‌ವಾಲಿಸ್‌ನ ಸ್ಮಾರಕವೂ ಇದೆ. ಅಮೆರಿಕದವರಿಗೆ ಅವನು ಯಾರ್ಕ್‌ಟೌನಿನಲ್ಲಿ ಸೋತವನು. ನಮಗೆ ಅವನು 1792ರಲ್ಲಿ ಮೈಸೂರಿನ ಅರ್ಧ ರಾಜ್ಯ ಕಿತ್ತುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ದಂಡ ಹೇರಿ, ಎರಡು ಎಳೆ ಹುಡುಗರನ್ನು ಒತ್ತೆ ಒಯ್ದವನು. ಆ ದಂಡದ ದುಡ್ಡು ಅರಮನೆಯ ಹಿತ್ತಲಲ್ಲಿ ಬೆಳೆದದ್ದಲ್ಲ. ರೈತರ ಕಂದಾಯದಿಂದ ಬಂದದ್ದು. ಇನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಹೈದರನನ್ನು ಪೋರ್ಟೊ ನೊವೊದಲ್ಲಿ ಸೋಲಿಸಿದ ಐರ್ ಕೂಟ್‌ನ ಸ್ಮಾರಕವನ್ನು ಕಟ್ಟಿಸಿದ್ದು ಕಂಪನಿ. ಚರ್ಚಿನೊಳಗೆ ವ್ಯಾಪಾರಿಗಳ ಕಂಪನಿಯೊಂದು ತನ್ನ ಸೇನಾಪತಿಗೆ ಕಲ್ಲು ನಿಲ್ಲಿಸಿದೆ ಎಂದರೆ ಅದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

ವಾಪಸ್ ಬಂದವರು ಹೇಳುವ ಮಾತೊಂದಿದೆ, ನಮ್ಮ ಪ್ರವಾಸಕಥನಕಾರರೂ ಪುಟಗಟ್ಟಲೆ ಬರೆಯುವ ಮಾತು: ‘ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ ನೋಡಿ, ನಮ್ಮವರಿಗೆ ಆ ಬುದ್ಧಿ ಇಲ್ಲ.’ ನಮ್ಮವರ ಬುದ್ಧಿಯ ಬಗ್ಗೆ ನಮಗೂ ಭ್ರಮೆಯಿಲ್ಲ, ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ಕಂಡು ಸುದ್ದಿ ಮಾಡಿದವರು ನಾವು. ಆದರೆ ಕಾಪಾಡಿದ್ದು ಯಾವುದನ್ನು ಎಂದು ಕೇಳಬೇಕಲ್ಲ. ಹೊತ್ತುಕೊಂಡು ಹೋದದ್ದನ್ನು ಕಾಪಾಡಿದರು. ಹೊರಲಾಗದ್ದನ್ನು ಕೆಡವಿದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಎಲ್ಲಿ ಎಂದು ಕೇಳಿದರೆ ಈಗ ತೋರಿಸುವುದು ಅಡಿಪಾಯದ ಕಲ್ಲುಗಳನ್ನು. ಊಟಿಗೆ ಹೋದವರು ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ತಲೆಯೆತ್ತಿ ನೋಡಿ. 1830ರ ಸುಮಾರಿಗೆ ಕಟ್ಟಿದ ಆ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಅರಮನೆಯ ಮರ. ಇದಕ್ಕೆ ವೀಸಾ ಕೂಡ ಬೇಡ.

ಇಷ್ಟು ಓದುವಷ್ಟರಲ್ಲಿ ಕೆಲವರಿಗೆ ಸಿಟ್ಟು ಬಂದಿರುತ್ತದೆ, ಗೊತ್ತು. ಟಿಪ್ಪು ಹೆಸರೆತ್ತಿದರೆ ನಮ್ಮಲ್ಲಿ ಎರಡು ಪಾರ್ಟಿ. ಜಯಂತಿ ಮಾಡುವವರು, ಜಯಂತಿ ನಿಲ್ಲಿಸುವವರು. ಕೊಡಗಿನವರಿಗೆ, ಮಂಗಳೂರಿನ ಕ್ರೈಸ್ತರಿಗೆ ಅವನ ಮೇಲಿರುವ ನೋವು ಸುಳ್ಳಲ್ಲ. 1784ರಲ್ಲಿ ಕರಾವಳಿಯ ಚರ್ಚುಗಳನ್ನು ಕೆಡವಿಸಿ ಅಲ್ಲಿನ ಜನರನ್ನು ಶ್ರೀರಂಗಪಟ್ಟಣಕ್ಕೆ ಅಟ್ಟಿದ್ದು ಅವನೇ. ಅದನ್ನೂ ಹೇಳಿ. ವಿಂಡ್ಸರಿನ ಹುಲಿಯ ಮುಂದೆ ನಿಂತೇ ಹೇಳಿ. ಟಿಪ್ಪುವನ್ನು ಹೊಗಳಿ ಎಂದು ನಾವು ಕೇಳುತ್ತಿಲ್ಲ. ಆ ಚಿನ್ನ ಈ ನೆಲದ ಬೊಕ್ಕಸದಿಂದ ಹೋದದ್ದು ಎಂಬುದಕ್ಕೆ ಯಾವ ಪಾರ್ಟಿಯೂ ತಕರಾರು ಮಾಡಲಾರದು. ಒಂದು ಜಯಂತಿಗೆ ವರ್ಷಗಟ್ಟಲೆ ಬಡಿದಾಡುವ ರಾಜ್ಯದ ಜನ, ಆ ಸಿಂಹಾಸನದ ಚೂರು ಕಣ್ಣೆದುರಿಗೇ ಇದ್ದಾಗ ‘ಟಾಯ್ಲೆಟ್ ಎಲ್ಲಿದೆ’ ಎಂದು ಕೇಳಿಕೊಂಡು ಹೋಗುತ್ತಾರೆ!

ತಪ್ಪು ಪ್ರವಾಸಿಗಳದಲ್ಲ. ಟೂರ್ ಕಂಪನಿಗಳದು. ಅವರು ಪ್ರತಿ ನಿಲುಗಡೆಗೆ ನಿಮಿಷ ಅಳೆದಿಡುತ್ತಾರೆ, ಆದರೆ ಶಾಪಿಂಗಿಗೆ ಮಾತ್ರ ಅರ್ಧ ದಿನ ಬಿಡುತ್ತಾರೆ. ಕೋಹಿನೂರ್ ಇರುವ ಟವರ್ ಆಫ್ ಲಂಡನ್ನಿಗೆ ತಪ್ಪದೆ ಒಯ್ಯುತ್ತಾರೆ, ಯಾಕೆಂದರೆ ಅದರ ಹೆಸರು ಸಿನಿಮಾದವರಿಗೂ ಗೊತ್ತು. ಅಲ್ಲಿ ಕಿರೀಟಗಳ ಮುಂದೆ ನೆಲವೇ ಚಲಿಸುತ್ತದೆ, ನಿಂತವರನ್ನು ಅದೇ ಮುಂದಕ್ಕೆ ಸಾಗಿಸುತ್ತದೆ. ಇಡೀ ಪ್ಯಾಕೇಜ್ ಟೂರೇ ಅಂಥದ್ದು.

ವೇಲ್ಸ್‌ನ ಪೊವಿಸ್ ಕೋಟೆ ಮಾತ್ರ ನಾವು ನೋಡಿದ ಒಂದು ಪ್ರೆಸ್ ನೋಟಿನಲ್ಲೂ ಇರಲಿಲ್ಲ. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್, ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್. ಅವನ ಹೆಂಡತಿಯ ತವರು ಈ ಕೋಟೆ. ಅಪ್ಪ ಮಗ ಸಾಗಿಸಿದ ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಹತ್ತಿಬಟ್ಟೆಯ ಡೇರೆ ಇದೆ, ಸಿಂಹಾಸನದ ಇನ್ನೊಂದು ಪುಟ್ಟ ಹುಲಿಮುಖ ಇದೆ. ಆ ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್, ತನ್ನ ಆಸ್ತಿಗಳಲ್ಲಿ 93ಕ್ಕೆ ವಸಾಹತು ದುಡ್ಡಿನ ಅಥವಾ ಗುಲಾಮಗಿರಿಯ ನಂಟಿದೆ ಎಂದು 2020ರಲ್ಲಿ ತಾನೇ ವರದಿ ಹೊರಡಿಸಿತು. ಅಲ್ಲಿ ಅದಕ್ಕೆ ದೊಡ್ಡ ಗಲಾಟೆಯೂ ಆಯಿತು. ಒಯ್ದವರ ಮೊಮ್ಮಕ್ಕಳು ಒಳಗೊಳಗೇ ಜಗಳವಾಡಿಕೊಂಡಾದರೂ ಬಾಯಿಬಿಡುತ್ತಿದ್ದಾರೆ. ಕಳಕೊಂಡವರ ಮೊಮ್ಮಕ್ಕಳನ್ನು ಕರೆದೊಯ್ಯುವ ನಮ್ಮ ಟೂರ್ ಮ್ಯಾನೇಜರಿಗೆ ಏನು ದಾಡಿ?

ಪತ್ರಿಕೆಗಳೂ ಸಾಚಾ ಅಲ್ಲ. ಜಾಹೀರಾತು ಕೊಟ್ಟ ಕಂಪನಿಯ ಪ್ರೆಸ್ ನೋಟ್ ಹೇಗೆ ಬಂತೋ ಹಾಗೇ ಪುಟಕ್ಕೆ ಹೋಗುತ್ತದೆ. ಹೋಗಿ ಬಂದವರ ಲೇಖನದಲ್ಲಿ ಥೇಮ್ಸ್ ನದಿಯ ತಂಗಾಳಿ ಇರುತ್ತದೆ, ಕಾವೇರಿಯ ಚಿನ್ನ ಇರುವುದಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಹುಲಿಯನ್ನು ವಾಪಸ್ ತನ್ನಿ ಎಂದು ಟೂರ್ ಕಂಪನಿಗೆ ಹೇಳಿದರೆ ನಗುತ್ತಾರೆ, ಅದು ಸರ್ಕಾರಗಳ ಮಟ್ಟದ ಮಾತು. ಬಸ್ಸಿನಲ್ಲಿ ಹಂಚುವ ಊಟದ ಮೆನು ಜೊತೆಗೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಿ: ಈ ಕೋಟೆಯಲ್ಲಿ, ಈ ಚರ್ಚಿನಲ್ಲಿ ನಮ್ಮ ಕಡೆಯದು ಏನಿದೆ, ಯಾವ ಕೋಣೆಯಲ್ಲಿದೆ, ಹೇಗೆ ಬಂತು. ವಿಂಡ್ಸರಿನಲ್ಲಿ ಅರ್ಧ ಗಂಟೆ ಜಾಸ್ತಿ, ಶಾಪಿಂಗಿನಲ್ಲಿ ಅರ್ಧ ಗಂಟೆ ಕಮ್ಮಿ. ಪೊವಿಸ್‌ಗೆ ಒಂದು ದಿನ.

ಹೊರಡುವವರಿಗೂ ಒಂದು ಮಾತು. ಮುಂಗಡ ಕಟ್ಟುವ ಮೊದಲು ಕಿಟಕಿ ಪಕ್ಕದ ಸೀಟು ಸಿಗುತ್ತದಾ, ಮೊಸರನ್ನ ಸಿಗುತ್ತದಾ ಎಂದು ಕೇಳುತ್ತೀರಲ್ಲ, ಅದರ ಜೊತೆಗೇ ಕೇಳಿ: ‘ಶ್ರೀರಂಗಪಟ್ಟಣದ ಹುಲಿ ತೋರಿಸುತ್ತೀರಾ?’ ಆ ಕಡೆಯವರು ‘ಯಾವ ಹುಲಿ ಸಾರ್’ ಅಂದರೆ ಬೇರೆ ಕಂಪನಿಗೆ ಫೋನ್ ಮಾಡಿ.