ಪತ್ರ ಬರೆಯಲಾರದ ತಾಯಿಯ ಮಗುವಿಗೆ ಹುಟ್ಟುಹಬ್ಬವಿಲ್ಲವೇ?

ಮಗುವಿನ ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಕೇಕು, ಚಾಕಲೇಟು ಹಂಚುವ ಬದಲು ತಂದೆತಾಯಿ ಒಂದು ಪತ್ರ ಬರೆದು ಕಳುಹಿಸಲಿ, ಅದನ್ನು ಶಿಕ್ಷಕರು ಎಲ್ಲರ ಮುಂದೆ ಓದಲಿ ಎಂಬ ಪದ್ಧತಿಯೊಂದು ದೊಡ್ಡ ನಗರಗಳ ಕೆಲವು ಖಾಸಗಿ ಶಾಲೆಗಳಲ್ಲಿದೆ. ಕೇಳಲು ಚೆನ್ನಾಗಿದೆ. ದುಡ್ಡಿನ ಪ್ರದರ್ಶನಕ್ಕಿಂತ ಪ್ರೀತಿಯ ನಾಲ್ಕು ಮಾತು ಮೇಲು ಎಂಬುದರಲ್ಲಿ ನಮ್ಮ ತಕರಾರಿಲ್ಲ. ಆದರೆ ನಗರಗಳ ಒಳ್ಳೆಯ ಪದ್ಧತಿಗಳೆಲ್ಲ ಇಂದಲ್ಲ ನಾಳೆ ನಮ್ಮ ಊರುಗಳಿಗೂ ಬರುತ್ತವೆ. ಬೆಳಗಾವಿಯಲ್ಲೋ ಖಾನಾಪುರದಲ್ಲೋ ಶಾಲೆಯೊಂದು ಇದನ್ನು ಎತ್ತಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು.

ಬರೆಯುವವರು ಯಾರು? ಇದು ಮೊದಲನೆಯ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರಸ್ಥರು ಶೇ. 64ರ ಆಸುಪಾಸು. ಅಂದು ಅಕ್ಷರದಿಂದ ಹೊರಗುಳಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಇಂದು ಶಾಲೆಗೆ ಹೋಗುವ ಮಕ್ಕಳ ತಾಯಂದಿರು. ಅಕ್ಷರ ಬಲ್ಲವರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಪತ್ರ ಬರೆಯಬಲ್ಲರು ಎಂದೂ ಅಲ್ಲ. ಸಹಿ ಮಾಡುವುದು ಬೇರೆ, ನಲವತ್ತು ಮಕ್ಕಳ ಮುಂದೆ ಓದಿಸಿಕೊಳ್ಳುವ ಪತ್ರ ಬರೆಯುವುದು ಬೇರೆ. ಖಾನಾಪುರದ ಕಾಡಂಚಿನ ಊರುಗಳಲ್ಲಿ ದುಡಿಮೆಗೆಂದು ಗೋವಾಕ್ಕೆ ಹೋಗಿ ತಿಂಗಳುಗಟ್ಟಲೆ ಮನೆ ಕಾಣದ ತಂದೆಯರಿದ್ದಾರೆ. ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಕ್ಕಳಿದ್ದಾರೆ. ತಂದೆಯೋ ತಾಯಿಯೋ ತೀರಿಕೊಂಡ ಮಕ್ಕಳಿದ್ದಾರೆ. ಇವರ ಹೆಸರು ಬಂದಾಗ ಶಿಕ್ಷಕರ ಕೈಯಲ್ಲಿ ಏನೂ ಇರುವುದಿಲ್ಲ. ಪತ್ರವಿಲ್ಲದ ಮಗು ಅಂದು ತರಗತಿಗೆಲ್ಲ ಗೊತ್ತಾಗುತ್ತದೆ. ಕೇಕು ತರಲಾರದ ಮಗುವಿನ ಬಡತನವನ್ನು ಮರೆಸಲು ಹೊರಟವರು ಅದರ ತಾಯಿಯ ಹೆಬ್ಬೆಟ್ಟನ್ನು ಎತ್ತಿ ತೋರಿಸಿದಂತಾಗುತ್ತದೆ.

ಯಾವ ಭಾಷೆಯಲ್ಲಿ? ಇದು ಎರಡನೆಯದು. ಬೆಳಗಾವಿಯ ಒಂದೇ ಗಲ್ಲಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಕೇಳುತ್ತವೆ. ಉರ್ದುವಿನಲ್ಲಿ ಸೊಗಸಾಗಿ ಬರೆಯಬಲ್ಲ ತಾಯಿಗೆ ಕನ್ನಡ ಅಕ್ಷರ ಬಾರದಿರಬಹುದು. ಮರಾಠಿ ಶಾಲೆಯಲ್ಲಿ ಕಲಿತ ತಂದೆಗೆ ಇಂಗ್ಲಿಷ್ ಒಗ್ಗದಿರಬಹುದು. ಮಗು ಮಾತ್ರ ಇಂಗ್ಲಿಷ್ ಮಾಧ್ಯಮದಲ್ಲಿದೆ. ಫಲಕದ ಮೇಲೆ ಯಾವ ಭಾಷೆ ಇರಬೇಕೆಂದು ಬೀದಿಗಿಳಿಯುವ ಊರಿನಲ್ಲಿ ತಾಯಿಯ ಪ್ರೀತಿಗೂ ಒಂದು ಅಧಿಕೃತ ಭಾಷೆಯನ್ನು ಗೊತ್ತುಮಾಡಬೇಕೇ? ಗೊತ್ತುಮಾಡಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ತಂದೆ ಮೊಬೈಲು ತೆರೆದು ಕೃತಕ ಬುದ್ಧಿಮತ್ತೆಯಿಂದ ಬೆಡಗಿನ ಇಂಗ್ಲಿಷ್ ಪತ್ರವೊಂದನ್ನು ಬರೆಸುತ್ತಾನೆ. ಮಗು ಅದನ್ನು ಕೇಳುತ್ತದೆ, ಅದರಲ್ಲಿ ತನ್ನ ಅಪ್ಪನನ್ನು ಮಾತ್ರ ಕಾಣುವುದಿಲ್ಲ.

ಮೂರನೆಯದು, ಯಾವ ದಿನ? ನಮ್ಮ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರಷ್ಟು ಜನ ಬೇರಾವ ದಿನವೂ ಹುಟ್ಟಿಲ್ಲ! ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಬರಲೆಂದು ಮಾಸ್ತರರು ಬರೆದುಕೊಂಡ ದಿನಾಂಕವದು. ಅದೇ ದಿನಾಂಕ ಹೊತ್ತ ಎಷ್ಟೋ ಪಾಲಕರಿಗೆ ತಾವು ಭತ್ತದ ನಾಟಿಯ ಹೊತ್ತಿಗೆ ಹುಟ್ಟಿದವರು ಎಂಬಷ್ಟೇ ಗೊತ್ತು. ಜನನ ನೋಂದಣಿಯ ಕಾನೂನು 1969ರಲ್ಲೇ ಬಂದಿತ್ತು. ಅದಕ್ಕೆ ತಂದ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ. ಹೀಗೆ ಕಾಗದದಲ್ಲಿ ದಿನಾಂಕ ಸರಿಯಾಗುತ್ತಿರಬಹುದು. ಹಾಗೆಂದು ಹುಟ್ಟುಹಬ್ಬ ಎಲ್ಲ ಮನೆಯ ಹಬ್ಬವಾಗಿಬಿಡಲಿಲ್ಲ. ಆಚರಿಸುವವರಿದ್ದಾರೆ, ಧಾರ್ಮಿಕ ಕಾರಣಕ್ಕೋ ರೂಢಿಯ ಕಾರಣಕ್ಕೋ ಆಚರಿಸದವರೂ ಇದ್ದಾರೆ. ಇಬ್ಬರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ತಂದೆ ಮಗಳಿಗೆ ಬರೆದ ಪತ್ರವೆಂದರೆ ಎಲ್ಲರಿಗೂ ನೆಹರೂ ನೆನಪಾಗುತ್ತಾರೆ. ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಗ್ರಂಥ ಆರಂಭವಾಗುವುದೇ ಇಂದಿರಾಗೆ ಹದಿಮೂರು ತುಂಬಿದಾಗ, 1930ರ ಅಕ್ಟೋಬರ್ 26ರಂದು ನೈನಿ ಜೈಲಿನಿಂದ ಬರೆದ ಹುಟ್ಟುಹಬ್ಬದ ಪತ್ರದಿಂದ. ಅದನ್ನು ಯಾವ ಶಾಲೆಯೂ ಕೇಳಿ ಬರೆಸಿರಲಿಲ್ಲ. ದೂರದಲ್ಲಿದ್ದ ತಂದೆ, ಕೊಡಲು ಕೈಯಲ್ಲಿ ಬೇರೇನೂ ಇಲ್ಲದಾಗ, ತಾನಾಗಿ ಬರೆದದ್ದು. ಕೇಂಬ್ರಿಜ್‌ನಲ್ಲಿ ಓದಿದ ತಂದೆಗೆ ಸುಲಭವಾದದ್ದನ್ನು ಇಟ್ಟಿಗೆ ಭಟ್ಟಿಯ ಕೂಲಿಯಿಂದ ಬಯಸುವುದು ನ್ಯಾಯವೇ?

ಇಂಥ ಆಚರಣೆಗಳಿಗೆ ಮಾಂಟೆಸ್ಸೊರಿಯ ಹೆಸರು ಹೇಳುವ ಶಾಲೆಗಳೂ ಇವೆ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಆಕೆ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಓದುಬರಹ ಬಾರದ ಕೂಲಿಕಾರರ ಮಕ್ಕಳಿಗಾಗಿ. ಅದನ್ನು ಮರೆತು ಆಕೆಯ ಹೆಸರನ್ನಷ್ಟೇ ಫಲಕಕ್ಕೆ ಏರಿಸುವುದು ಅನುಕೂಲದ ಮಾತಾಯಿತು.

ಬರೆಯಲು ಬಾರದವರು ಯಾರಿಂದಾದರೂ ಬರೆಸಲಿ ಎನ್ನುವವರಿದ್ದಾರೆ. ಬರೆಸುವುದು ನಮ್ಮ ಹಿರಿಯರಿಗೆ ಅವಮಾನವೇನೂ ಆಗಿರಲಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯ ಸುತ್ತಲಿನ ಹಳ್ಳಿಗಳಿಗೆ ಸೈನಿಕರ ಕಾಗದ ಹೊಸದೇ? ಕಾಗದ ಬಂದರೆ ಓದು ಬಲ್ಲವರಿಂದ ಓದಿಸುವುದು, ತಾಯಿ ಹೇಳಿದ್ದನ್ನು ಅವರು ಬರೆದುಕೊಡುವುದು ಹಳ್ಳಿಯ ರೂಢಿ. ಆದರೆ ಅಲ್ಲಿ ಅಕ್ಷರ ಬಲ್ಲವನು ತಾಯಿಯ ಮಾತಿಗೆ ಸೇವಕನಾಗಿದ್ದ. ಇಲ್ಲಿ ಬರೆಸಿಕೊಂಡು ಬರುವ ಹೊರೆ ತಾಯಿಯ ತಲೆಗೇ ಬೀಳುತ್ತದೆ.

ಶಾಲೆಗೆ ನಿಜವಾಗಿ ತಾಯಿಯ ಮಾತೇ ಬೇಕಿದ್ದರೆ ಈ ಹೊರೆಯನ್ನು ಶಾಲೆ ಹೊರಲಿ. ಪಾಲಕರ ಸಭೆಯ ದಿನ ಶಿಕ್ಷಕರು ಒಬ್ಬೊಬ್ಬರ ಪಕ್ಕ ಕುಳಿತು, ಮಗು ಹುಟ್ಟಿದಾಗ ಏನಾಯಿತು, ಮೊದಲು ಏನು ಮಾತಾಡಿತು ಎಂದು ಕೇಳಲಿ. ಉರ್ದುವೋ, ಮರಾಠಿಯೋ, ಕೊಂಕಣಿಯೋ, ಕನ್ನಡವೋ, ಮನೆಯ ಮಾತಿನಲ್ಲೇ ಬರೆದುಕೊಳ್ಳಲಿ. ಶಿಕ್ಷಕರಿಗೆ ಆ ಭಾಷೆ ಬಾರದಿದ್ದರೆ ಮೇಲಿನ ತರಗತಿಯ ಮಕ್ಕಳು ನೆರವಾಗಲಿ. ಹೇಳುವವರು ಅಜ್ಜಿಯಾದರೂ ಚಿಕ್ಕಮ್ಮನಾದರೂ ಸರಿ. ಅದನ್ನು ಎಲ್ಲರ ಮುಂದೆ ಓದಬೇಕೋ ಮಗುವಿನ ಕೈಗಷ್ಟೇ ಕೊಡಬೇಕೋ ಎಂಬುದನ್ನು ಮನೆಯವರೇ ಹೇಳಲಿ. ದಿನಾಂಕದ ಗೊಡವೆ ಬೇಡವೆಂದರೆ ವರ್ಷಕ್ಕೊಮ್ಮೆ ಎಲ್ಲ ಮಕ್ಕಳಿಗೂ ಒಂದೇ ದಿನ ಸಾಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸಬೇಕು ಎನ್ನುತ್ತದೆ. ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕೆಂದೂ ಹೇಳುತ್ತದೆ. ‘ನಾಳೆ ಪತ್ರ ತಾ’ ಎಂಬ ಮಾತಿಗೆ ಮಗುವೊಂದು ರಾತ್ರಿಯಿಡೀ ಹೆದರುವಂತಾದರೆ ಆ ಸೆಕ್ಷನ್ ಪುಸ್ತಕದಲ್ಲಿದ್ದು ಪ್ರಯೋಜನವೇನು?

ಅಕ್ಷರ ಬಾರದ ತಾಯಿಗೆ ಮಾತು ಬಾರದೆಂದಲ್ಲ. ಅವಳ ಮಾತನ್ನು ಕೇಳಿ ಬರೆದುಕೊಳ್ಳುವಷ್ಟು ವ್ಯವಧಾನ ನಮ್ಮ ಶಾಲೆಗಳಿಗೆ ಇದೆಯೇ ಎಂಬುದಷ್ಟೇ ಈಗಿನ ಪ್ರಶ್ನೆ. ಇಲ್ಲವೆಂದಾದರೆ ಪತ್ರದ ಗೋಜೇ ಬೇಡ. ಆ ದಿನ ಮಗುವಿನ ಹೆಸರು ಹಿಡಿದು ಕರೆದು, ತಲೆ ಸವರಿ, ಶುಭ ಹಾರೈಸಿದರೆ ಸಾಕು.