ಕೃತಕ ಸೂರ್ಯನ ಕಾವು: ಅಳೆದವರು ಯಾರು?

ಕುಳಗಿ ಸೀಮೆಯವರಿಗೆ ವಿದ್ಯುತ್ತಿನ ಭರವಸೆ ಹೊಸದಲ್ಲ. ಪಕ್ಕದ ಅಂಬಿಕಾನಗರದ ಬಳಿ ಕಾಳಿಯ ನೀರು ಯಂತ್ರ ತಿರುಗಿಸುತ್ತದೆ. ಆ ನೀರಿಗಾಗಿ ಸೂಪಾ ಊರೇ ಮುಳುಗಿ, ಜನ ರಾಮನಗರಕ್ಕೆ ಗಂಟುಮೂಟೆ ಹೊತ್ತರು. ನದಿಯ ಕೆಳಗೆ ಕೈಗಾದಲ್ಲಿ 2000ದಿಂದ ಅಣುಸ್ಥಾವರ ನಡೆದಿದೆ. ಈಗ, ಸೂರ್ಯನಲ್ಲಿ ಆಗುವಂತೆ ಪರಮಾಣುಗಳನ್ನು ಬೆಸೆದು ಎಂದೂ ಮುಗಿಯದ ವಿದ್ಯುತ್ತು ಕೊಡುತ್ತೇವೆ ಎಂಬ ಮಾತು. ಇದೂ ಹಳೆಯದೇ. ಜಿನೀವಾ ಸಮ್ಮೇಳನದ ಅಧ್ಯಕ್ಷ ಹೋಮಿ ಭಾಭಾ 1955ರಲ್ಲೇ, ಇಪ್ಪತ್ತು ವರ್ಷದೊಳಗೆ ದಾರಿ ಸಿಕ್ಕೀತು ಎಂದಿದ್ದರು. ನಂಬೋಣವೇ, ನಗೋಣವೇ? ಎರಡೂ ಬೇಡ. ಅಳತೆ ಕೇಳೋಣ.

1958ರ ಜನವರಿಯಲ್ಲಿ ಇಂಗ್ಲಿಷರು ‘ಜೀಟಾ’ ಯಂತ್ರದಲ್ಲಿ ಗೆದ್ದೆವೆಂದು ಡಂಗುರ ಹೊಡೆದು, ಕೆಲವೇ ತಿಂಗಳಲ್ಲಿ ಮಾತು ಹಿಂತೆಗೆದುಕೊಂಡರು. ಹತ್ತು ವರ್ಷದ ಮೇಲೆ ರಶಿಯದ ಆರ್ಟ್ಸಿಮೋವಿಚ್, ತಮ್ಮ ‘ಟಿ-3’ ಯಂತ್ರದಲ್ಲಿ ಸುಮಾರು ಕೋಟಿ ಡಿಗ್ರಿ ಕಾವು ಹುಟ್ಟಿದೆ ಎಂದಾಗ ಪಶ್ಚಿಮದವರು ನಂಬಲಿಲ್ಲ. ಸಂಶಯ ಹುರುಳಿಲ್ಲದ್ದಲ್ಲ. ನಾಲ್ಕು ಸಾಹುಕಾರರ ವರಮಾನ ಸೇರಿಸಿ ಸರಾಸರಿ ತೆಗೆದು ಊರೆಲ್ಲ ಸುಖದಲ್ಲಿದೆ ಎನ್ನುವ ಲೆಕ್ಕ ನಮಗೆ ಗೊತ್ತೇ ಇದೆ. ಹಾಗೆಯೇ, ಕೆಲವೇ ಎಲೆಕ್ಟ್ರಾನುಗಳು ಹುಚ್ಚೆದ್ದು ಓಡಿ ಲೆಕ್ಕ ಕೆಡಿಸಿರಬಹುದಲ್ಲವೇ?

ಆರ್ಟ್ಸಿಮೋವಿಚ್ ಸಿಟ್ಟಾಗಲಿಲ್ಲ. ನೀವೇ ಬಂದು ಅಳೆಯಿರಿ ಎಂದರು! ಶೀತಲ ಸಮರದ ಆ ಕಾಲದಲ್ಲಿ, ಇಂಗ್ಲೆಂಡಿನ ಕಲ್ಹಮ್ ಪ್ರಯೋಗಾಲಯದವರು ಸುಮಾರು ಐದು ಟನ್ ಸಾಮಾನು ಹೊತ್ತು ಮಾಸ್ಕೋಗೆ ಹೋದರು.

ಅಳೆಯುವುದು ಹೇಗೆ? ಯಾವ ಉಷ್ಣಮಾಪಕವನ್ನು ಅದರೊಳಗೆ ಇಟ್ಟರೂ ಆವಿಯಾದೀತು. ಅದಕ್ಕೆ ಬೆಳಕನ್ನೇ ಕೋಲು ಮಾಡಿಕೊಂಡರು. ಹಂಚಿನ ಸಂದಿಯಿಂದ ಶಾಲೆಯೊಳಕ್ಕೆ ಬೀಳುವ ಬಿಸಿಲುಕೋಲು ಕಾಣುವುದು ಧೂಳಿನಿಂದ. ಧೂಳು ಹೆಚ್ಚಿದಷ್ಟೂ ಕೋಲು ಬೆಳಗುತ್ತದೆ. ಲೇಸರಿನ ಕೆಂಪು ಬೆಳಕನ್ನು ಹಾಯಿಸಿದಾಗ ಚದರಿದ ಬೆಳಕು ಎಷ್ಟೆಂದು ನೋಡಿದರೆ ಎಲೆಕ್ಟ್ರಾನುಗಳ ದಟ್ಟಣೆ ತಿಳಿಯುತ್ತದೆ. ಕಾವಿಗೆ ಬೇರೆ ಗುರುತು. ಅಳ್ನಾವರ ನಿಲ್ದಾಣದಲ್ಲಿ ನಿಂತವನಿಗೆ, ಬರುವ ರೈಲಿನ ಶಿಳ್ಳೆ ಏರುದನಿ, ಹೋಗುವ ರೈಲಿನದು ಇಳಿದನಿ. ಹಾಗೆಯೇ ಓಡುವ ಎಲೆಕ್ಟ್ರಾನುಗಳಿಂದ ಚದರಿದ ಬೆಳಕು ತನ್ನ ಮೂಲ ಬಣ್ಣದಿಂದ ಎರಡೂ ಕಡೆಗೆ ಹರಡುತ್ತದೆ. ಓಟ ಜೋರಾದಷ್ಟೂ, ಅಂದರೆ ಕಾವು ಏರಿದಷ್ಟೂ, ಹರವು ಹೆಚ್ಚು. ಕಷ್ಟವೇನೆಂದರೆ, ಕಳಿಸಿದ ಬೆಳಕಿನಲ್ಲಿ ಲಕ್ಷ ಕೋಟಿಗೊಂದು ಪಾಲೂ ಕೈಗೆ ಬರುವುದಿಲ್ಲ. ಆದರೂ ಹಿಡಿದರು. ರಶಿಯನ್ನರ ಮಾತು ನಿಜವಾಗಿತ್ತು. 1969ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಅದರಲ್ಲಿ ರಶಿಯನ್ನನ ಹೆಸರೂ ಇತ್ತು. ಆಮೇಲೆ ಅಮೆರಿಕದವರೂ ಅದೇ ನಮೂನೆಯ ಯಂತ್ರ ಕಟ್ಟತೊಡಗಿದರು.

ನಮ್ಮ ದೇಶದಲ್ಲೂ ಗಾಂಧಿನಗರದ ಹತ್ತಿರ ‘ಆದಿತ್ಯ’ ಯಂತ್ರ 1989ರಲ್ಲಿ ಹೊತ್ತಿತು. ಫ್ರಾನ್ಸಿನಲ್ಲಿ ಏಳು ಪಾಲುದಾರರು ಕಟ್ಟುತ್ತಿರುವ ‘ಇಟರ್’ ಯಂತ್ರದಲ್ಲಿ ಭಾರತದ್ದು ನೂರಕ್ಕೆ ಒಂಬತ್ತರಷ್ಟು ಪಾಲು. 2024ರಲ್ಲಿ ತಿದ್ದಿದ ವೇಳಾಪಟ್ಟಿಯಂತೆ ಅಲ್ಲಿ ನಿಜವಾದ ಇಂಧನ ಉರಿಯುವುದು 2039ಕ್ಕೆ. ಅದರಿಂದಲೂ ಯಾರ ಮನೆಗೂ ದೀಪವಿಲ್ಲ. ಅದು ಪ್ರಯೋಗ ಮಾತ್ರ.

ಈ ಕೆಲಸ ಬೇಡವೆನ್ನುವವನು ನಾನಲ್ಲ. ಆದರೆ ಕಾಳಿ ದಂಡೆಯವರು ಮೊದಲು ನೆಲ ಬಿಟ್ಟು, ಲೆಕ್ಕವನ್ನು ಆಮೇಲೆ ಕೇಳಿದವರು. ಕಾವೆಷ್ಟು, ದಟ್ಟಣೆ ಎಷ್ಟು, ಎಷ್ಟು ಹೊತ್ತು ನಿಂತಿತು, ಅಳೆದವರು ಮನೆಯವರೋ ಹೊರಗಿನವರೋ? ಈ ನಾಲ್ಕು ಅಂಕಿಗಳ ವರದಿಯನ್ನು ಸರಕಾರ ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚುಹಾಕಿ ಪಂಚಾಯತಿ ಕಟ್ಟೆಗೆ ಕಳಿಸಲಿ. ಓದಿ ಹೇಳುವ ಮೇಷ್ಟ್ರುಗಳು ಹಳ್ಳಿಯಲ್ಲಿ ಇನ್ನೂ ಇದ್ದಾರೆ.