ಕಸುಬು ಬೇಕು, ಕುಲಕಸುಬು ಬೇಡ

ಹೋದ ತಿಂಗಳ ಸಭೆ ಮುಗಿದು ಜಮಖಾನೆ ಸುತ್ತುತ್ತಿದ್ದಾಗ ಒಬ್ಬ ತಾಯಿ ನಮ್ಮ ಹತ್ತಿರ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪಕ್ಕದಲ್ಲಿ ಮಗ, ತಲೆ ತಗ್ಗಿಸಿಕೊಂಡು. "ಪಾಸಾಗವ್ನೆ ಕಣಣ್ಣ. ಐಟಿಐಗೆ ಹಾಕ್ಲೋ, ಕಾಲೇಜಿಗೆ ಹಾಕ್ಲೋ? ನಂಗೊತ್ತಾಗಕ್ಕಿಲ್ಲ, ನೀವೇ ಯೋಳಿ" ಅಂದರು.

ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಗೆಳೆಯರು ನಿಂತಲ್ಲೇ ಎರಡು ಪಂಗಡವಾದರು. "ಸಾವಿರಾರು ವರ್ಷ ಕೈಯಲ್ಲಿ ದುಡಿದೇ ಸತ್ತಿದ್ದೀವಿ, ಇನ್ನೂ ಸುತ್ತಿಗೆ ಹಿಡೀಬೇಕಾ? ಓದಿ ಆಫೀಸರ್ ಆಗ್ಲಿ ಬಿಡಿ" ಅಂತ ಒಬ್ಬರು. "ಬಿ.ಎ. ಮಾಡಿ ಹಟ್ಟಿ ಜಗಲಿ ಮೇಲೆ ಕೂತಿರೋ ಹುಡುಗರನ್ನ ಎಣಿಸ್ಕೊಂಡು ಬಾ ಹೋಗು, ಆಮೇಲೆ ಮಾತಾಡು" ಅಂತ ಕಾರ್ಖಾನೆಯಲ್ಲಿ ಕೆಲಸ ಮಾಡೋ ಇನ್ನೊಬ್ಬರು. ಮಾತಿಗೆ ಮಾತು ಬೆಳೆಯಿತು. ಅಂಬೇಡ್ಕರ್ ಬಂದರು, ಮಾರ್ಕ್ಸ್ ಬಂದರು. ಅಷ್ಟರಲ್ಲಿ ಕೊನೇ ಬಸ್ಸಿನ ಹೊತ್ತಾಗಿ ಆ ತಾಯಿ ಮಗನನ್ನು ಕರಕೊಂಡು ಹೊರಟೇ ಹೋದರು. ನಮಗೆ ನಾಚಿಕೆಯಾಯಿತು. ಅವತ್ತು ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಗೆಳೆಯನ ಅನುಮಾನವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಈ ದೇಶದಲ್ಲಿ 'ಕಸುಬಿನ ಶಿಕ್ಷಣ' ಅಂತ ಯಾರಾದರೂ ಬಾಯಿಬಿಟ್ಟರೆ ನಮ್ಮ ಜನ ಬೆಚ್ಚಿಬೀಳುವುದಕ್ಕೆ ಕಾರಣ ಇದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದರ್ಧ ದಿನ ಮನೆಯಲ್ಲಿ ಅಪ್ಪನ ಕಸುಬು ಕಲಿಯುವುದು. ನಮ್ಮ ದಕ್ಷಿಣ ಕನ್ನಡ, ಕೊಳ್ಳೇಗಾಲ ಎಲ್ಲ ಆಗ ಮದ್ರಾಸಿಗೇ ಸೇರಿದ್ದವು. ಪುರೋಹಿತನ ಮಗ ಮನೆಯಲ್ಲಿ ಮಂತ್ರ ಕಲಿತಾನು. ಜಾಡಮಾಲಿಯ ಮಗ ಮಧ್ಯಾಹ್ನದ ಮೇಲೆ ಏನು ಕಲಿಯಬೇಕು ಸ್ವಾಮಿ? ಪೆರಿಯಾರ್ ಮತ್ತು ಅವರ ಜೊತೆಗಾರರು ಇದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. ಮರುವರ್ಷವೇ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಯೋಜನೆಯನ್ನು ಕೈಬಿಟ್ಟರು.

ಸತ್ತಿತು ಅಂದುಕೊಂಡದ್ದು ಸಾಯಲಿಲ್ಲ. ಎಪ್ಪತ್ತು ವರ್ಷ ಕಳೆದು, 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆಯನ್ನು ಶುರು ಮಾಡಿತು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಚಮ್ಮಾರ ಎಲ್ಲ ಸೇರಿ 18 ಕಸುಬು. ಕೆಲವು ದಿನದ ತರಬೇತಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಹೊಗಳಿಕೆಗೆ ಗುರು-ಶಿಷ್ಯ ಪರಂಪರೆಯ ಮಾತು. ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುತ್ತಿರುವ ಐವತ್ತು ವರ್ಷದ ಅಣ್ಣನಿಗೆ ಒಂದು ಒಳ್ಳೆ ಹೊಲಿಗೆ ಮಿಷನ್ ಸಿಕ್ಕರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ತಗೊಳ್ಳಲಿ, ಅವನ ಹಕ್ಕು. ಆದರೆ ಅವನ ಹದಿನೆಂಟು ವರ್ಷದ ಮಗನನ್ನೂ ಅದೇ ಸಾಲಿನಲ್ಲಿ ತಂದು ನಿಲ್ಲಿಸಿದ್ದಾರಲ್ಲ, ನಮ್ಮ ತಕರಾರು ಅಲ್ಲಿ. ಕನಿಷ್ಠ ವಯಸ್ಸನ್ನು 35 ಮಾಡಿ, ಮನೆತನದ ಕಸುಬೇ ಆಗಬೇಕು ಅನ್ನೋ ಷರತ್ತು ತೆಗೀರಿ ಅಂತ ತಮಿಳುನಾಡು ಕೇಳಿತು. ಕೇಂದ್ರ ಒಪ್ಪಲಿಲ್ಲ. ಈ ರೂಪದಲ್ಲಿ ನಾವು ಜಾರಿ ಮಾಡುವುದಿಲ್ಲ ಅಂತ ತಮಿಳುನಾಡು 2024ರಲ್ಲಿ ಹೇಳಿಬಿಟ್ಟಿತು.

ಆದರೆ ನಮ್ಮ ಗೆಳೆಯ ಒಂದು ಕಡೆ ತಪ್ಪಿದ. ಕೈಕೆಲಸ ಅಂದರೆ ಕೀಳು, ಅದರಲ್ಲಿ ಬುದ್ಧಿ ಇಲ್ಲ ಅನ್ನುವ ಮಾತನ್ನು ಅವನೂ ನಂಬಿಬಿಟ್ಟಿದ್ದಾನೆ. ಅದು ನಮ್ಮ ಮಾತಲ್ಲ, ಕೈ ಕೆಸರು ಮಾಡಿಕೊಳ್ಳದೆ ಉಂಡವರ ಮಾತು. ಚರ್ಮ ಹದ ಮಾಡುವುದನ್ನೇ ತಗೊಳ್ಳಿ. ಹಸಿ ಚರ್ಮವನ್ನು ಉಪ್ಪು ಹಾಕಿ ಇಡಬೇಕು, ನೆನೆಸಬೇಕು, ಸುಣ್ಣದ ನೀರಲ್ಲಿ ಎಷ್ಟು ದಿನ ಬಿಟ್ಟರೆ ಕೂದಲು ಸಡಿಲ ಆಗುತ್ತದೆ, ಎಷ್ಟು ದಿನ ಹೆಚ್ಚಾದರೆ ಚರ್ಮವೇ ಕೆಡುತ್ತದೆ ಗೊತ್ತಿರಬೇಕು. ಕೂದಲು ಹೆರೆದು, ಮಾಂಸ ಕೆತ್ತಿ, ತಂಗಡಿ ತೊಗಟೆಯ ರಸದಲ್ಲಿ ಹಾಕಬೇಕು. ಬೆರಳಲ್ಲಿ ಒತ್ತಿ ನೋಡಿ 'ಹದ ಬಂತು' ಅನ್ನುತ್ತಿದ್ದ ನಮ್ಮ ತಾತನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲ. ಇದು ರಸಾಯನಶಾಸ್ತ್ರ ಅಲ್ಲದೆ ಇನ್ನೇನು? ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಬಂತು. ಆವತ್ತಿಂದ ಅದೇ ವಿದ್ಯೆಗೆ ಪದವಿ ಇದೆ, ಬಿಳೀ ಕೋಟು ಇದೆ, ಗೌರವ ಇದೆ. ಹಟ್ಟಿಯಲ್ಲಿ ಮಾಡುತ್ತಿದ್ದವರಿಗೆ ಮಾತ್ರ ವಾಸನೆ ಉಳಿಯಿತು.

ಅಥಣಿ, ನಿಪ್ಪಾಣಿ ಕಡೆಯ ನಮ್ಮವರು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕರ್ನಾಟಕದ ನಾಲ್ಕು ಜಿಲ್ಲೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ ಸೇರಿದ ಗುರುತು. 2025ರ ಜೂನಿನಲ್ಲಿ ಇಟಲಿಯ ಒಂದು ದೊಡ್ಡ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿಯನ್ನು ಮೆರೆಸಿತು, ಎಲ್ಲಿಯದು ಅಂತ ಹೇಳದೆ. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಅಲ್ಲಿಗೆ ಹೋಗಿದ್ದು ನಮ್ಮ ಕೈಯ ವಿದ್ಯೆ. ನಾವು ಹೋಗಲಿಲ್ಲ.

ವಿದ್ಯೆ ಇದ್ದೂ ಕೈಯಲ್ಲಿ ಕಾಗದ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನೋಡಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಿ. ನೂರು ವರ್ಷಕ್ಕೂ ಮೇಲೆ, ತಮಿಳು ಸೀಮೆಯಿಂದ ಬಂದ ದಲಿತರೇ ಹೆಚ್ಚಾಗಿ ನೆಲದೊಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಬಂಡೆ ಕೊರೆಯುವುದು, ಮದ್ದು ತುಂಬುವುದು, ಮೇಲಿನ ಕಲ್ಲು ಕುಸಿಯದಂತೆ ಮರದ ಆಸರೆ ಕೊಡುವುದು, ಬಂಡೆ ಸಿಡಿಯುವ ಮುಂಚೆ ಅದರ ಸದ್ದು ಹಿಡಿಯುವುದು. ಇಷ್ಟೆಲ್ಲ ಬಲ್ಲವರನ್ನು ಬೇರೆ ದೇಶದಲ್ಲಾದರೆ ತಂತ್ರಜ್ಞ ಅನ್ನುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಲಿತದ್ದಕ್ಕೆ ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ? ಇಲ್ಲ. ಆ ಮನೆಗಳ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಬಂದು ಗೇಟು ಕಾಯುತ್ತಾರೆ, ನೆಲ ಒರೆಸುತ್ತಾರೆ, ರಾತ್ರಿ ವಾಪಸ್ಸು ಹೋಗುತ್ತಾರೆ. ಬುಕ್ಕು ಓದಿದವನಿಗೆ ಕಾಗದ, ಕೈಯಲ್ಲಿ ಕಲಿತವನಿಗೆ ಕೂಲಿ, ಇದೇ ಇಲ್ಲಿನ ಲೆಕ್ಕ.

ಹಾಗಾಗಿ ನಾವು ಕೇಳುವುದು ಎರಡನ್ನೂ. ಕೈಗೆ ವಿದ್ಯೆ, ವಿದ್ಯೆಗೆ ಕಾಗದ. ಬಾಬಾಸಾಹೇಬರೂ ಇದನ್ನೇ ಕೇಳಿದ್ದರು. 1942ರಲ್ಲಿ ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾದ ಮೂರೇ ತಿಂಗಳಿಗೆ ಅವರು ನಮ್ಮ ಜನರ ಕುಂದುಕೊರತೆಗಳ ಒಂದು ಮನವಿಯನ್ನು ವೈಸರಾಯ್ ಲಿನ್‌ಲಿತ್‌ಗೋ ಕೈಗೆ ಕೊಟ್ಟರು. ಕಲೆ, ಕಾನೂನಿನ ಪದವಿಗಳಿಂದ ನಮ್ಮವರಿಗೆ ಹೆಚ್ಚು ಪ್ರಯೋಜನವಿಲ್ಲ, ಬೇಕಾದದ್ದು ಮೇಲುಮಟ್ಟದ ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣ ಅಂತ ಅದರಲ್ಲಿ ಹೇಳಿದ್ದಾರೆ. ವಿದ್ಯಾರ್ಥಿವೇತನ ಕೇಳಿದ್ದಾರೆ. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ ಅಂತಲೂ ಕೇಳಿದ್ದಾರೆ. ಸ್ವತಃ ಬ್ಯಾರಿಸ್ಟರ್ ಆಗಿದ್ದವರು ಬರೆದದ್ದು ಇದು. ಸುತ್ತಿಗೆ ಹಿಡಿಯಬಾರದು ಅನ್ನುವ ನಮ್ಮ ಗೆಳೆಯ ಒಮ್ಮೆ ಓದಬೇಕು.

ಯಾಕೆ ರೈಲ್ವೆ ವರ್ಕ್‌ಶಾಪು, ಯಾಕೆ ಅಚ್ಚಿನ ಮನೆ? ಆ ಕೆಲಸಗಳಿಗೆ ಜಾತಿಯ ಹೆಸರಿಲ್ಲ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಅನ್ನುವ ಜಾತಿ ಯಾವ ಊರಲ್ಲೂ ಇಲ್ಲ. ಐಟಿಐಗೆ ಸೇರಿದ ಹುಡುಗನಿಗೆ ಮೊದಮೊದಲು ವೈಸಿನಲ್ಲಿ ಕಬ್ಬಿಣದ ತುಂಡು ಕಚ್ಚಿಸಿ ಅರದಲ್ಲಿ ಉಜ್ಜಿಸುತ್ತಾರೆ. ತೋಳು ಬೀಳುತ್ತದೆ. ಆಮೇಲೆ ವರ್ನಿಯರ್ ಹಿಡಿದು ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಅಳೆಯಲು ಕಲಿಯುತ್ತಾನೆ, ಡ್ರಾಯಿಂಗ್ ಓದುವುದು ಕಲಿಯುತ್ತಾನೆ. ಅಳತೆ ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು. ಮಾಡಿದವನು ಯಾವ ಕೇರಿಯವನು ಅಂತ ವರ್ನಿಯರ್ ಕೇಳುವುದಿಲ್ಲ. ಲೇತಿಗೆ ಜಾತಿ ಗೊತ್ತಿಲ್ಲ. ಫೋರ್‌ಮನ್ನಿಗೆ ಗೊತ್ತಿರುತ್ತದೆ, ಅದು ಬೇರೆ ಜಗಳ, ಅದನ್ನೂ ಮಾಡೋಣ. 1948ರ ದೂರವಾಣಿ ಕಾರ್ಖಾನೆ, 1953ರ ಎಚ್‌ಎಂಟಿ, 1954ರ ಬಿಇಎಲ್ ಎಲ್ಲ ಬೆಂಗಳೂರಿಗೆ ಬಂದ ಮೇಲೆ, ಮೀಸಲಾತಿಯಲ್ಲಿ ಒಳಗೆ ಹೋದ ನಮ್ಮ ಹಿರಿಯರು ಕ್ವಾರ್ಟರ್ಸ್ ಕಂಡರು, ಪಿಂಚಣಿ ಕಂಡರು, ಮಕ್ಕಳನ್ನು ಓದಿಸಿದರು. ಈ ಪತ್ರಿಕೆಗೆ ತಿಂಗಳಾ ತಿಂಗಳಾ ದುಡ್ಡು ಕೊಡುವವರಲ್ಲಿ ಅಂಥ ಮನೆಯ ಮಕ್ಕಳೇ ಹೆಚ್ಚು. ಎಚ್‌ಎಂಟಿ ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆ ಜೊತೆಗೆ ಮೀಸಲಾತಿಯ ಬಾಗಿಲೂ ಮುಚ್ಚಿತು ಅನ್ನುವುದನ್ನು ಯಾವ ಪೇಪರೂ ಬರೆಯಲಿಲ್ಲ.

ಈಗ ಎರಡನೆಯ ಗೆಳೆಯನಿಗೂ ಒಂದು ಮಾತು. ಐಟಿಐ ಮುಗಿಸಿದರೆ ಬದುಕು ಹಸನಾಯಿತು ಅಂತ ತಿಳಿಯಬೇಡ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಪರಿಶಿಷ್ಟರಿಗೆ ತರಬೇತಿಯ ಜಾಗ ಮೀಸಲಿಟ್ಟರು, ಒಳ್ಳೆಯದೇ. ಅದೇ ಕಾಯ್ದೆಯ 18ನೇ ಸೆಕ್ಷನ್ನು, ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕ ಅಲ್ಲ ಅನ್ನುತ್ತದೆ. ಸುರಕ್ಷತೆ, ಅಪಘಾತ ಪರಿಹಾರದಂಥ ಕೆಲವನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗಿಲ್ಲ. ಐಟಿಐ ಪಾಸಾದವನಿಗೆ 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಭತ್ಯೆ ತಿಂಗಳಿಗೆ 7,000 ರೂಪಾಯಿ. ಕಾಯಂ ಕೆಲಸಗಾರನ ಪಕ್ಕದಲ್ಲೇ ನಿಂತು ಅದೇ ಮಿಷನ್ ನಡೆಸುತ್ತಾನೆ, ವರ್ಷ ತುಂಬಿದ ಮೇಲೆ ಹೊರಗೆ. ಮರುದಿನ ಹೊಸ ಹುಡುಗ ಬರುತ್ತಾನೆ. ಜೀತಕ್ಕೆ ಹೆಲ್ಮೆಟ್ ಹಾಕಿದಂತೆ ಇದು. ಕಲಿಸಿದ ಕಾರ್ಖಾನೆ ಇಂತಿಷ್ಟು ಮಂದಿಯನ್ನಾದರೂ ಕಾಯಂ ಮಾಡಲೇಬೇಕು ಅಂತ ಕಾನೂನು ಆಗುವ ತನಕ ಈ ಮೋಸ ನಿಲ್ಲುವುದಿಲ್ಲ.

ಕಲಿಸುವ ಜಾಗಗಳ ಸ್ಥಿತಿಯೂ ಹಾಗೇ. 2022ರ ಜೂನಿನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸಾವಿರಾರು ಕೋಟಿ ಖರ್ಚಿನಲ್ಲಿ ಹೊಸದು ಮಾಡಿ ಉದ್ಘಾಟಿಸಿದರು. ರೋಬೋಟ್ ಬಂತು ಅಂದರು. ಬರಲಿ, ನಮ್ಮ ಹುಡುಗರ ಕೈಗೂ ರೋಬೋಟ್ ಬರಲಿ. ಆದರೆ ಮಿಷನ್ ತಂದರೆ ಸಾಲದು, ಕಲಿಸುವ ಮೇಷ್ಟ್ರು ಬೇಕು, ಹಾಸ್ಟೆಲ್ ಬೇಕು, ವಿದ್ಯಾರ್ಥಿವೇತನ ಕೋರ್ಸು ಮುಗಿಯುವುದರೊಳಗೆ ಬರಬೇಕು. ಹುಡುಗಿಯರ ಮಾತು ಬಂದರೆ ಎಲ್ಲರ ಬಾಯಲ್ಲೂ ಹೊಲಿಗೆ ಮಿಷನ್ನೇ. ನಮ್ಮ ಬಾಯಲ್ಲೂ. ನಮ್ಮ ಹೆಣ್ಣುಮಕ್ಕಳು ಕಲ್ಲು ಹೊರುವಾಗ ಯಾರೂ ಬೇಡ ಅನ್ನಲಿಲ್ಲ, ವೆಲ್ಡಿಂಗ್ ಅಂದರೆ ಮಾತ್ರ ಮೈ ನಾಜೂಕು ನೆನಪಾಗುತ್ತದೆ.

ಅವತ್ತು ಆ ತಾಯಿಯ ಸುತ್ತ ಹನ್ನೊಂದು ಜನ ಇದ್ದೆವು. ಹನ್ನೊಂದು ಜನರಲ್ಲಿ ಒಬ್ಬರೂ ಆ ಹುಡುಗನನ್ನು "ನಿಂಗೇನು ಆಸೆ ಐತಪ್ಪಾ" ಅಂತ ಕೇಳಲಿಲ್ಲ. ಜಾತಿ ನಮ್ಮ ತಾತಂದಿರಿಗೆ ಮಾಡಿದ್ದೂ ಇದನ್ನೇ, ಕೇಳದೆ ಕೆಲಸ ಹಚ್ಚಿದ್ದು. ಆದ್ದರಿಂದ ತಾಯಿ, ನಮ್ಮ ಉತ್ತರ ಇದು. ಮೊದಲು ಅವನನ್ನು ಕೇಳಿ. ಪಿಯುಸಿ ಅಂದರೆ ಪಿಯುಸಿ, ಹಾಸ್ಟೆಲ್ಲು ನಾವು ಹುಡುಕುತ್ತೇವೆ. ಐಟಿಐ ಅಂದರೆ ಸರ್ಕಾರಿ ಐಟಿಐಗೇ ಮೊದಲು ಅರ್ಜಿ ಹಾಕಿ, ಎರಡು ವರ್ಷದ ಟ್ರೇಡ್ ಆರಿಸಿ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಎರಡು ವರ್ಷ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಹೋಗಬಹುದು, ಡಿಪ್ಲೊಮಾ ಆದವನು ಬಿ.ಇ. ಎರಡನೇ ವರ್ಷಕ್ಕೆ. ಖಾಸಗಿಯವರು ಕರೆದರೆ ವರ್ಕ್‌ಶಾಪಿನ ಬಾಗಿಲು ತೆಗೆಸಿ ಮಿಷನ್ ಓಡುತ್ತದೋ ಇಲ್ಲವೋ ಕಣ್ಣಾರೆ ನೋಡಿ. ಕೆಲವು ಕಡೆ ಇನ್ಸ್‌ಪೆಕ್ಷನ್ ದಿನ ಮಾತ್ರ ಬೀಗ ತೆಗೆಯುತ್ತಾರೆ.

ಅವರ ಊರು ಯಾವುದು ಅಂತಲೂ ಅವತ್ತು ನಾವು ಕೇಳಿಕೊಳ್ಳಲಿಲ್ಲ. ಈ ಹಾಳೆ ಓದಿದವರು ಯಾರಾದರೂ ಅವರನ್ನು ಬಲ್ಲವರಿದ್ದರೆ ತಿಳಿಸಿ. ಅರ್ಜಿ ತುಂಬುವ ಕಾಲ ಮುಗಿಯುವ ತನಕ ಪ್ರತಿ ಭಾನುವಾರ ಬೆಳಿಗ್ಗೆ, ನಮ್ಮ ಸಭೆ ನಡೆಯುವ ಜಾಗದಲ್ಲೇ, ಜಗಳ ಆಡಿದ ಆ ಗೆಳೆಯರಿಬ್ಬರೂ ಕೂತಿರುತ್ತಾರೆ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ನಕಲು ತನ್ನಿ. ಹುಡುಗನನ್ನೋ ಹುಡುಗಿಯನ್ನೋ ಜೊತೇಲೇ ಕರಕೊಂಡು ಬನ್ನಿ.